‘ಎಷ್ಟು ವರ್ಷದಿಂದ ಇಲ್ಲಿದ್ದೀರಿ?’ ಅಂತ ಕೇಳಿ ಕೆಟ್ಟೆ

“540 ತಂದಿದ್ದೀರಾ?” ಅಂತ ಕೇಳಿದೆ. ಕೌಂಟರಿನ ಆ ಕಡೆ ಇದ್ದವರು ಬ್ಯಾಗಿನಿಂದ ಟ್ಯಾಕ್ಸ್ ರಿಟರ್ನ್ ತೆಗೆದು ಇಟ್ಟರು. ಮೂರು ವರ್ಷದ್ದು. ಸ್ಟೇಪಲ್ ಹೊಡೆದು, ಸಹಿ ಇರುವ ಕಡೆಗೆಲ್ಲ ಹಳದಿ ಚೀಟಿ ಅಂಟಿಸಿದ್ದರು. ಅವರದೇನೂ ತಪ್ಪಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ತೆರಿಗೆ ಫಾರ್ಮಿನ ನಂಬರ್ 540. ನಾನು ಕೇಳಿದ್ದು ಎಬಿ 540 ಅನ್ನೋ ಕಾನೂನಿನ ಅಫಿಡವಿಟ್. ಕಾಲೇಜಿನ ಫೀಸಿಗೆ ಸಂಬಂಧಪಟ್ಟಿದ್ದು. ಎರಡಕ್ಕೂ ಒಂದೇ ನಂಬರ್ ಬಂದಿದ್ದು ಸುಮ್ನೆ ಕಾಕತಾಳೀಯ. ವಾರಕ್ಕೆ ಎರಡು ಸಲವಾದರೂ ಈ ಗೊಂದಲ ಆಗುತ್ತೆ.

ನಾನು ಕೆಲಸ ಮಾಡುವುದು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನ (ಮೊದಲೆರಡು ವರ್ಷ ಇಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗ್ತಾರೆ) ಅಡ್ಮಿಷನ್ ಆಫೀಸಿನಲ್ಲಿ, ರೆಸಿಡೆನ್ಸಿ ಡೆಸ್ಕಿನಲ್ಲಿ. ಊರು ದಾವಣಗೆರೆ. ಗಂಡನ ಹಿಂದೆ ಎಚ್-4ರಲ್ಲಿ ಬಂದವಳು. ಎಚ್-1ಬಿ ಕೆಲಸದ ವೀಸಾದವರ ಹೆಂಡತಿ ಅಥವಾ ಗಂಡನಿಗೆ, ಇಪ್ಪತ್ತೊಂದು ತುಂಬದ ಮಕ್ಕಳಿಗೆ ಕೊಡೋ ವೀಸಾ ಅದು. 2015ರಲ್ಲಿ ಎಚ್-4ರಲ್ಲಿರುವ ಕೆಲವು ಹೆಂಡತಿ-ಗಂಡಂದಿರಿಗೂ ಕೆಲಸದ ಪರ್ಮಿಟ್ ಕೊಡೋಕೆ ಶುರು ಮಾಡಿದರಲ್ಲ, ಆ ದಾರಿಯಲ್ಲಿ ಈ ಕೆಲಸ ಸಿಕ್ಕಿತು. ಕೆಲಸ ಇಷ್ಟೇ: ಅರ್ಜಿ ಹಾಕಿದವರು ಫೀಸಿನ ಲೆಕ್ಕದಲ್ಲಿ ‘ಇಲ್ಲಿಯವರೋ, ಹೊರಗಿನವರೋ’ ಅಂತ ನೋಡೋದು. ಇಲ್ಲಿಯವರಾದರೆ ಯೂನಿಟ್ಟಿಗೆ (ಕೋರ್ಸನ್ನು ಅಳೆಯೋ ಕ್ರೆಡಿಟ್) 46 ಡಾಲರ್. 2012ರಿಂದ ಅಷ್ಟೇ ಇದೆ. ಹೊರಗಿನವರಾದರೆ ಅದರ ಮೇಲೆ ಇನ್ನೂ ಮುನ್ನೂರು ಚಿಲ್ಲರೆ. ನಾನು ಹೇಳೋ ಘಟನೆ ನಡೆದ ವರ್ಷ ನಮ್ಮಲ್ಲಿ ಅದು 330 ಇತ್ತು. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬ 46 ಕಟ್ಟಿರುತ್ತಾನೆ, ಇನ್ನೊಬ್ಬ 376.

2023ರ ಜನವರಿ ಕೊನೆ. ಒಬ್ಬರು ತಾಯಿ ಬಂದರು. ನನ್ನ ಹೆಸರಿನ ಬ್ಯಾಡ್ಜ್ ನೋಡಿ, “ಕನ್ನಡದವರಾ?” ಅಂದರು. ಅಲ್ಲಿಗೆ ಮುಗೀತು, ಇಬ್ಬರೂ ಕೌಂಟರ್ ಮರೆತು ಮಾತಿಗೆ ಬಿದ್ದೆವು. ಮಗ ನಮ್ಮಲ್ಲೇ ಓದುತ್ತಿದ್ದ. ಆರು ವರ್ಷದವನಿದ್ದಾಗ ಬಂದವನು, ಒಂದನೇ ಕ್ಲಾಸಿನಿಂದ ಹೈಸ್ಕೂಲಿನವರೆಗೆ ಇಲ್ಲೇ. ಆ ಸೆಮಿಸ್ಟರ್ ಅವನಿಗೆ ಭಾರ ಜಾಸ್ತಿಯಾಗಿತ್ತು. ಎರಡು ಕೋರ್ಸ್ ಬಿಡೋಣ ಅಂತ ಯೋಚನೆ. ಬಿಟ್ಟರೆ ಒಟ್ಟು ನಾಲ್ಕು ಬಾಕಿ ಉಳಿಯುತ್ತೆ. ಆಗಸ್ಟಿಗೆ ಶುರುವಾಗೋ ಫಾಲ್ ಸೆಮಿಸ್ಟರಿನಲ್ಲಿ ಎರಡು, ಆಮೇಲಿನ ಸ್ಪ್ರಿಂಗ್ ಸೆಮಿಸ್ಟರಿನಲ್ಲಿ ಎರಡು ಮಾಡಿಕೊಂಡು ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ತಾನೆ ಅಂದರು. ಹೊರಡುವಾಗ ಬಾಗಿಲ ಹತ್ತಿರ ನಿಂತು ಒಂದು ಮಾತು ಕೇಳಿದರು: “ಆಗಸ್ಟಿಗೆ ಇಪ್ಪತ್ತೊಂದು ತುಂಬುತ್ತೆ. ಎಚ್-4 ಅಲ್ಲಿಗೆ ಮುಗಿಯುತ್ತೆ. ಲಾಯರ್ ಎಫ್-1, ಅದೇ ಸ್ಟೂಡೆಂಟ್ ವೀಸಾ, ಹಾಕಿ ಅಂತಿದಾರೆ. ಫೀಸಿಗೇನೂ ತೊಂದರೆ ಇಲ್ಲ ಅಲ್ವಾ?”

“ಎಷ್ಟು ವರ್ಷದಿಂದ ಇಲ್ಲಿದ್ದಾನೆ?” ಅಂದೆ.

“ಹದಿನಾಲ್ಕು ಆಯ್ತು.”

“ಹಾಗಾದರೆ ಏನೂ ಇಲ್ಲ ಬಿಡಿ. ಇಲ್ಲಿಯವನೇ ಅವನು.”

ಈ ಮಾತು ಹೇಳುವಾಗ ನಾನು ಸ್ಕ್ರೀನ್ ಕೂಡ ನೋಡಿರಲಿಲ್ಲ. ಊರಿನವರ ಹತ್ತಿರ ಮಾತಾಡುವ ಖುಷಿಯಲ್ಲಿದ್ದೆ.

ಜುಲೈನಲ್ಲಿ ಎಫ್-1 ಮಂಜೂರಾಯಿತು. ಆಗಸ್ಟ್ ಮೂರನೇ ವಾರ ಆ ಹುಡುಗನ ಅಕೌಂಟಿನಲ್ಲಿ ಫೀಸ್ ಬದಲಾಗಿತ್ತು. ಅಷ್ಟೇ ಅಲ್ಲ. ಎಫ್-1 ಅಂದರೆ ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ಓದಲೇಬೇಕು. ಆರಾಮಾಗಿ ಎರಡೆರಡು ಅಂತ ಹಂಚಿಕೊಂಡಿದ್ದ ನಾಲ್ಕೂ ಕೋರ್ಸ್ ಒಂದೇ ಸಲಕ್ಕೆ ತಗೊಳ್ಳಬೇಕಾಯಿತು. 14 ಯೂನಿಟ್. 644 ಡಾಲರಿನಲ್ಲಿ ಮುಗಿಯಬೇಕಿದ್ದದ್ದು 5,264 ಆಯಿತು. ಆ ಎರಡು ಕೋರ್ಸ್ ಬಿಡದೇ ಇದ್ದಿದ್ದರೆ, ಉಳಿದ ಎರಡನ್ನು ಜೂನ್ ತಿಂಗಳ ಸಮ್ಮರ್ ಟರ್ಮಿನಲ್ಲಿ ಎಚ್-4ರಲ್ಲಿದ್ದಾಗಲೇ ಮುಗಿಸಬಹುದಿತ್ತು. ನಮ್ಮಲ್ಲಿ ಆ ಎರಡೂ ಸಮ್ಮರಿನಲ್ಲಿ ಇದ್ದವು. ಆಮೇಲೆ ಹೋಗಿ ನೋಡಿದೆ, ಸೀಟೂ ಖಾಲಿ ಇತ್ತು.

ನಾನು ಎಲ್ಲಿ ಎಡವಿದೆ ಅಂತ ಬಹಳ ದಿನ ಯೋಚಿಸಿದೆ. ನಿಯಮ ಗೊತ್ತಿಲ್ಲ ಅಂತಲ್ಲ. ಗೊತ್ತಿತ್ತು, ಟ್ರೇನಿಂಗಿನಲ್ಲಿ ಹೇಳಿದ್ದರು. ಆದರೆ ತಲೆ ಓಡಿದ್ದು ಸಿಇಟಿ ಲೆಕ್ಕದಲ್ಲಿ. ನಮ್ಮ ಕಡೆ ಏನು? ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸರಿ. ಸ್ಟಡಿ ಸರ್ಟಿಫಿಕೇಟ್ ತಗೊಂಡು ಬಿಇಒ ಆಫೀಸಿನ ಮುಂದೆ ಸಹಿಗೆ ಕಾಯೋದು. ನಾನೂ ಕಾದಿದ್ದೇನೆ, ಬಿಸಿಲಲ್ಲಿ, ಅಪ್ಪನ ಜೊತೆ. ಹಾಗಾಗಿ ‘ಇಷ್ಟು ವರ್ಷ ಇಲ್ಲೇ ಓದಿದಾನೆ’ ಅಂದ ತಕ್ಷಣ ಒಳಗಿನ ಆ ಹುಡುಗಿ ‘ಇಲ್ಲಿಯವನೇ’ ಅಂತ ಠಸ್ಸೆ ಹೊಡೆದುಬಿಟ್ಟಳು.

ಇಲ್ಲಿ ಪ್ರಶ್ನೆಯೇ ಬೇರೆ. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ಸರಿಯಾಗಿ, ಹಿಂದಿನ ಒಂದು ವರ್ಷಕ್ಕೂ ಮೇಲ್ಪಟ್ಟು ಈ ರಾಜ್ಯದಲ್ಲಿ ವಾಸ ಇರಬೇಕು, ಇಲ್ಲೇ ಉಳಿಯುವ ಉದ್ದೇಶವೂ ಇರಬೇಕು. ಆ ಉದ್ದೇಶ ಇಟ್ಟುಕೊಳ್ಳೋಕೆ ಕೈಯಲ್ಲಿರುವ ಸ್ಟೇಟಸ್ ಅವಕಾಶ ಕೊಡಬೇಕು. ಎಚ್-1ಬಿ, ಎಚ್-4, ಎಲ್-2 ಕೊಡುತ್ತವೆ. ಎಫ್-1, ಜೆ-1 (ವಿನಿಮಯ ಕಾರ್ಯಕ್ರಮದವರದು), ಬಿ-2 (ಪ್ರವಾಸಿಗಳದು) ಕೊಡೋದಿಲ್ಲ. ಯಾಕಂದರೆ ಎಫ್-1 ತಗೊಳ್ಳುವಾಗಲೇ ‘ಓದು ಮುಗಿದ ಮೇಲೆ ವಾಪಸ್ ಹೋಗ್ತೀನಿ, ನನ್ನ ಮನೆ ಬೇರೆ ದೇಶದಲ್ಲಿದೆ’ ಅಂತ ಒಪ್ಪಿಕೊಂಡ ಹಾಗೆ. ಹದಿನಾಲ್ಕು ವರ್ಷ ಒಂದೇ ಬೀದಿಯಲ್ಲಿ ಸೈಕಲ್ ಹೊಡೆದ ಹುಡುಗ ಒಂದು ಜುಲೈ ದಿನ ಕಾಗದದ ಮೇಲೆ ‘ನನ್ನ ಮನೆ ಬೇರೆ ಕಡೆ ಇದೆ’ ಅಂತ ಹೇಳಬೇಕಾಗುತ್ತೆ. ಆ ಬೇರೆ ಕಡೆ ಎಲ್ಲಿದೆ? ಆ ತಾಯಿ ಸಿಟ್ಟಿನಲ್ಲಿ “ಬೆಂಗಳೂರಿಗೇ ಕಳಿಸಿಬಿಡ್ತೀನಿ” ಅಂದರು. ಆಮೇಲೆ ಅವರೇ, “ಅಲ್ಲಿ ಓದಿದ್ದು ಯುಕೆಜಿ ಮಾತ್ರ” ಅಂದು ಸುಮ್ಮನಾದರು.

ಇವರೆಲ್ಲ ಯಾಕೆ ಗ್ರೀನ್ ಕಾರ್ಡ್ ಸಿಗುವ ಮೊದಲೇ, ಎಚ್-4ರಲ್ಲೇ ಇಪ್ಪತ್ತೊಂದು ಮುಟ್ಟುತ್ತಾರೆ ಅಂತ ಊರಲ್ಲಿರುವವರು ಕೇಳುತ್ತಾರೆ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ವರ್ಷಕ್ಕೆ ಸುಮಾರು ಶೇ 7ರ ಮಿತಿ ಇದೆ. ಭಾರತದ ಸಾಲು ಹತ್ತಾರು ವರ್ಷ ಹಿಂದೆ ನಿಂತಿದೆ. ಅಪ್ಪನ ಸಾಲು ಮುಂದೆ ಹೋಗೋದಿಲ್ಲ, ಮಗುವಿನ ವಯಸ್ಸು ನಿಲ್ಲೋದಿಲ್ಲ.

ಎಬಿ 540 ಇದೆಯಲ್ಲ ಅಂತ ಕೇಳಬಹುದು. 2001ರಲ್ಲಿ ಬಂದ ಕಾನೂನು. ಇದು ಹೆಚ್ಚುಕಡಿಮೆ ನಮ್ಮ ಸಿಇಟಿಯ ಏಳು ವರ್ಷದ ಹಾಗೇ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಹೈಸ್ಕೂಲ್ ಓದಿ ಪಾಸಾಗಿದ್ದರೆ ಹೊರಗಿನವರ ಫೀಸ್ ಮಾಫಿ. 2018ರಿಂದ ಅದನ್ನು ಸಡಿಲ ಮಾಡಿ ಕಮ್ಯುನಿಟಿ ಕಾಲೇಜು, ಅಡಲ್ಟ್ ಸ್ಕೂಲ್ ವರ್ಷಗಳನ್ನೂ ಸೇರಿಸಿದರು. ಕಾಗದಪತ್ರ ಇಲ್ಲದ ಮಕ್ಕಳಿಗೂ ಇದು ಸಿಗುತ್ತೆ. ಇಲ್ಲಿ ಓದಿ ಬೇರೆ ರಾಜ್ಯಕ್ಕೆ ಹೋದ ಅಮೆರಿಕದ ಪ್ರಜೆಗೂ ಸಿಗುತ್ತೆ. ಸಿಗದೇ ಇರೋದು ಎಫ್-1ನಂಥ ತಾತ್ಕಾಲಿಕ ವೀಸಾದವರಿಗೆ. ಟಿ ಮತ್ತು ಯು ವೀಸಾ (ಮಾನವ ಸಾಗಣೆ, ಅಪರಾಧಗಳಿಗೆ ಬಲಿಯಾದವರದು) ಬಿಟ್ಟು ಅವರನ್ನೆಲ್ಲ ಕಾನೂನೇ ಹೊರಗಿಟ್ಟಿದೆ. ಈ ಮಾತು ಹೇಳಿದಾಗ ನಮ್ಮವರಲ್ಲಿ ಕೆಲವರು, “ಕಾನೂನು ಪ್ರಕಾರ ಬಂದವರಿಗೆ ಇಲ್ಲ, ಅವರಿಗೆ ಇದೆ, ನೋಡಿ” ಅಂತ ಪಕ್ಕದ ಸಾಲಿನ ಕಡೆ ಕೈ ತೋರಿಸುತ್ತಾರೆ. ನನಗೆ ಅದು ಸರಿ ಕಾಣೋದಿಲ್ಲ. ನಮ್ಮ ಹುಡುಗನ 5,264ರಲ್ಲಿ ಅವರು ಒಂದು ಡಾಲರೂ ತಿಂದಿಲ್ಲ. ಇದನ್ನು ಇಷ್ಟು ಗಟ್ಟಿಯಾಗಿ ಹೇಳೋಕೆ ಇನ್ನೊಂದು ಕಾರಣ ಇದೆ. ಅದೂ ನನ್ನದೇ ತಪ್ಪು, ಇದಕ್ಕಿಂತ ಹಳೇದು.

ಡೆಸ್ಕಿಗೆ ಬಂದ ಮೊದಲ ವರ್ಷ. ರಿಜಿಸ್ಟ್ರೇಷನ್ ವಾರ, ಸಾಲು ಬಾಗಿಲ ಆಚೆವರೆಗೆ. ಒಬ್ಬ ಹುಡುಗ ಬಂದ. ನೋಡಿದರೆ ನಮ್ಮ ಕಡೆಯವನ ಹಾಗೇ ಇದ್ದ. ಅರ್ಜಿಯಲ್ಲಿ ವೀಸಾ ಕಾಲಂ ಖಾಲಿ. ಸುಮ್ನೆ ಮರೆತಿದ್ದಾನೆ ಅಂದುಕೊಂಡೆ. ಗಾಜಿನ ಆಚೆ ಇದ್ದವನಿಗೆ ಕೇಳಲಿ ಅಂತ ಜೋರಾಗಿ, “ಯಾವ ವೀಸಾ? ಎಚ್-4ಆ, ಎಫ್-1ಆ?” ಅಂದೆ. ಅವನು ಮಾತಾಡಲಿಲ್ಲ. “ಪಾಸ್‌ಪೋರ್ಟ್ ಇದೆಯಾ?” ಅಂದೆ. ಹಿಂದಿನ ಮೂರು ಜನ ತಲೆ ಎತ್ತಿ ನೋಡಿದರು. ಅವನು ಕೌಂಟರ್ ಮೇಲಿದ್ದ ತನ್ನ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್ ತಗೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, “ಆಮೇಲೆ ಬರ್ತೀನಿ” ಅಂತ ಹೋದ. ಬರಲಿಲ್ಲ.

ಭಾರತದವನು ಅಂದರೆ ವೀಸಾ ಇದ್ದೇ ಇರುತ್ತೆ ಅಂತ ನನ್ನ ಲೆಕ್ಕ. ಐಟಿಯವರ ಅಪಾರ್ಟ್‌ಮೆಂಟಿನಲ್ಲಿ ಕೂತು ನೋಡಿದರೆ ಹಾಗೇ ಕಾಣುತ್ತೆ. ಆ ಮಡಚಿದ ಟ್ರಾನ್ಸ್‌ಕ್ರಿಪ್ಟಿನಲ್ಲಿ ನಾಲ್ಕು ವರ್ಷದ ಕ್ಯಾಲಿಫೋರ್ನಿಯಾ ಹೈಸ್ಕೂಲ್ ಇತ್ತು. ಮೇಲಿನ ಸಾಲನ್ನು ನಾನೇ ಓದಿದ್ದೆ. ಒಂದು ಪುಟದ ಅಫಿಡವಿಟ್ ಆ ಕಡೆ ಸರಿಸಿದ್ದರೆ ಸಾಕಿತ್ತು. ಅವತ್ತು ಸಂಜೆ ನಮ್ಮ ಸೂಪರ್‌ವೈಸರ್ ಬೈಯಲಿಲ್ಲ. ಅಫಿಡವಿಟ್ ಪ್ಯಾಡನ್ನು ಡ್ರಾಯರಿನಿಂದ ತೆಗೆದು ಪೆನ್ ಸ್ಟ್ಯಾಂಡ್ ಪಕ್ಕ ಇಟ್ಟು ಹೋದರು. ಅಂದಿನಿಂದ ಅದು ಅಲ್ಲೇ ಇದೆ. ವೀಸಾ ಮಾತು ಎತ್ತುವ ಮೊದಲು ಎಲ್ಲರಿಗೂ ಅದೇ ಹಾಳೆ ಕೊಡುತ್ತೇನೆ. ಬಿಳಿಯರಿಗೂ, ನಮ್ಮವರಿಗೂ. ಎಲ್ಲಿ ಓದಿದ್ರಿ, ಎಷ್ಟು ವರ್ಷ, ಪಾಸಾದ್ರಾ. ಮುಂದಕ್ಕೆ ಕೇಳಲೇಬೇಕು ಅಂದರೆ ಪಕ್ಕದ ಸಣ್ಣ ರೂಮಿಗೆ ಕರೆದುಕೊಂಡು ಹೋಗುತ್ತೇನೆ.

ಎಬಿ 540 ವಾಸ ಅನ್ನದೆ ಶಾಲೆಯ ವರ್ಷ ಅನ್ನೋದಕ್ಕೂ ಕಾರಣ ಇದೆ. 1996ರ ಫೆಡರಲ್ ಕಾನೂನೊಂದು, ದಾಖಲೆ ಇಲ್ಲದವರಿಗೆ ‘ಈ ರಾಜ್ಯದಲ್ಲಿ ವಾಸ ಇದ್ದಾರೆ’ ಅನ್ನೋ ಆಧಾರದ ಮೇಲೆ ಫೀಸ್ ಕಡಿಮೆ ಮಾಡಬೇಡಿ, ಮಾಡಿದರೆ ಬೇರೆ ರಾಜ್ಯದ ಪ್ರಜೆಗಳಿಗೂ ಮಾಡಿ ಅನ್ನುತ್ತೆ. ಬೇರೆ ರಾಜ್ಯದ ವಿದ್ಯಾರ್ಥಿಗಳು ಇದನ್ನೇ ಹಿಡಿದು ಕೋರ್ಟಿಗೆ ಹೋದರು. 2010ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಮ್ಮತದಿಂದ, ಇಲ್ಲಿ ಅಳೆಯುತ್ತಿರೋದು ಶಾಲೆ, ವಾಸ ಅಲ್ಲ, ನಡೆಯುತ್ತೆ ಅಂತ ಹೇಳಿತು. ಟೆಕ್ಸಾಸ್ ಕಥೆ ಬೇರೆ ಆಯಿತು. ಇಂಥ ಕಾನೂನು ಮೊದಲು ಮಾಡಿದ್ದೇ ಅವರು, 2001ರಲ್ಲಿ. ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ. 2025ರ ಜೂನ್ 4ರಂದು ಕೇಂದ್ರ ಸರ್ಕಾರ ಕೇಸ್ ಹಾಕಿತು. ರಾಜ್ಯ ಅವತ್ತೇ ಒಪ್ಪಿಕೊಂಡಿತು, ಜಡ್ಜ್ ಅವತ್ತೇ ತಡೆ ಹಾಕಿದರು. ಬೆಳಗ್ಗೆ ಇದ್ದ ಕಾನೂನು ರಾತ್ರಿಗೆ ಇಲ್ಲ.

ಆ ವಾರ ಡಾಲಸ್‌ನಲ್ಲಿರುವ ಪರಿಚಯದವರೊಬ್ಬರು ಫೋನ್ ಮಾಡಿದರು. ಮಗಳು ಎಚ್-4. “ನಮಗೂ ಹೋಯ್ತಾ?” ಅಂತ. ಆ ಆದೇಶ ಕಾನೂನುಬದ್ಧವಾಗಿ ಇಲ್ಲದವರ ಬಗ್ಗೆ, ಎಚ್-4 ಕಾನೂನುಬದ್ಧವೇ ಅಂತ ಹೇಳಿದೆ. ಬಾಯಿ ತುದಿಗೆ ‘ಏನೂ ಇಲ್ಲ ಬಿಡಿ’ ಬಂದಿತ್ತು. ನುಂಗಿಕೊಂಡೆ. “ನಿಮ್ಮ ಕಾಲೇಜಿಗೇ ಇಮೇಲ್ ಹಾಕಿ. ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ, ಫೋನಿನಲ್ಲಿ ಬೇಡ” ಅಂದೆ. ನಮ್ಮಂಥವರು ಫೋನಿನಲ್ಲಿ ಏನು ಬೇಕಾದರೂ ಹೇಳಿಬಿಡುತ್ತೇವೆ.

ಇನ್ನೊಂದು ಸಣ್ಣ ವಿಷಯ, ತಂದೆಯರಿಗೆ. ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಮುಗಿದಿದೆ ಅಂತ ಬೆವರಬೇಡಿ. ಸ್ಟ್ಯಾಂಪ್ ಅನ್ನೋದು ಒಳಗೆ ಬರೋಕೆ. ಒಳಗೆ ಇರೋಕೆ ಐ-94, ಅಂದರೆ ಒಳಗೆ ಬಂದಾಗ ಕೊಡೋ ದಾಖಲೆ. ಅದರ ಮೇಲಿನ ತಾರೀಕು ನೋಡಿ. ನಾನೂ ಈಗ ಮೊದಲು ನೋಡೋದು ಅದನ್ನೇ.

ಆ ಹುಡುಗ ನಮ್ಮಲ್ಲಿ ಮುಗಿಸಿ 2024ರ ಫಾಲ್‌ನಲ್ಲಿ ಟ್ರಾನ್ಸ್‌ಫರ್ ಆದ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಆ ವರ್ಷ ಹೊರಗಿನವರಿಗೆ ಮಾಮೂಲಿ ಫೀಸಿನ ಮೇಲೆ 34,200 ಡಾಲರ್ ಜಾಸ್ತಿ ಇತ್ತು. ಅಲ್ಲಿ ಸೀಟು ಸಿಕ್ಕಿತ್ತು, ಹೋಗಲಿಲ್ಲ. ಬೇರೆ ಕಡೆ ಸೇರಿದ. ತಾಯಿ ನನ್ನ ಹತ್ತಿರ ಜಗಳ ಆಡಲಿಲ್ಲ. ದೀಪಾವಳಿಗೆ ಮೆಸೇಜ್ ಬರುತ್ತೆ. ಜಗಳ ಆಡಿದ್ದರೇ ಚೆನ್ನಾಗಿತ್ತು ಅನ್ನಿಸುತ್ತೆ ಒಮ್ಮೊಮ್ಮೆ.

ಮೊನ್ನೆ ಇನ್ನೊಬ್ಬರು ಬಂದಿದ್ದರು, ಮಂಡ್ಯ ಕಡೆಯವರು, ಮಗಳ ಜೊತೆ. ಎಚ್-4, ಎಂಟನೇ ಕ್ಲಾಸಿನಿಂದ ಇಲ್ಲೇ. ಹುಡುಗಿ ಬಯಾಲಜಿ ಲ್ಯಾಬ್ ಮುಂದಿನ ವರ್ಷಕ್ಕೆ ಬಿಡ್ತೀನಿ ಅಂತ ಹಟ ಹಿಡಿದಿದ್ದಳು. ನಾನು ಟೇಬಲ್ ಕ್ಯಾಲೆಂಡರ್ ಎಳೆದುಕೊಂಡು ಪೆನ್ ತೆಗೆದೆ.

“ನಿನ್ನ ಬರ್ತ್‌ಡೇ ಯಾವಾಗಮ್ಮ?”

“ಅದ್ಯಾಕೆ ಆಂಟಿ?” ಅಂದಳು.

“ಹೇಳು ಮೊದಲು. ವರ್ಷಾನೂ ಹೇಳು.”