ಸ್ವಿಚ್ಚಿನ ಮೇಲೆ ಅಂಟಿಸಿದ ಚೀಟಿ

ಎಂಟರ್ ಒತ್ತಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಬಳ್ಳಾರಿಯ ನನ್ನ ಮನೆಯಲ್ಲಿ ಕುಳಿತು ಸಿಂಧನೂರಿನ ಅಕ್ಕಿ ಗಿರಣಿಯ ರೂಟರ್‌ಗೆ ದೂರದಿಂದಲೇ ಆದೇಶ ಕೊಡಲು ಬಿಡುವ ಎಸ್‌ಎಸ್‌ಎಚ್‌ ಮೂಲಕ ಹೊಕ್ಕಿದ್ದೆ. ಒಳಗಿದ್ದುಕೊಂಡೇ ಬಾಗಿಲು ಮುಚ್ಚಿಬಿಟ್ಟೆ ಎಂಬುದು ಹೊಳೆಯಲು ಅರ್ಧ ನಿಮಿಷ ಬೇಕಾಯಿತು.

ಆ ರೂಟರ್ ಎಂದರೆ ಎರಡು ಲ್ಯಾನ್ ಕಾರ್ಡ್ ಹಾಕಿದ ಹಳೆಯ ಡೆಸ್ಕ್‌ಟಾಪ್, ಮೇಲೆ ಡೆಬಿಯನ್ ಲಿನಕ್ಸ್. ಇಂಥದ್ದೇ ಒಂದು ನನ್ನ ಮನೆಯಲ್ಲಿ ವರ್ಷಗಳಿಂದ ತಕರಾರಿಲ್ಲದೆ ಓಡುತ್ತಿದೆ. ಅದೇ ಧೈರ್ಯದಿಂದ ಗಿರಣಿಯ ಕಚೇರಿಗೂ ಹಿಂಬದಿಯ ಮಾಲೀಕರ ಮನೆಗೂ ಸೇರಿಸಿ ಒಂದನ್ನು ಕಟ್ಟಿಕೊಟ್ಟಿದ್ದೆ. ಮಾಲೀಕರಿಗೆ ಕ್ಯಾಮೆರಾ ಮೊಬೈಲಿನಲ್ಲಿ ಕಾಣಬೇಕಿತ್ತು, ಅದೂ ಅಂದೇ. ರಾತ್ರಿ ಮಾಡುತ್ತೇನೆ ಎಂದರೆ ನಮ್ಮ ಮ್ಯಾನೇಜರ್ ಒಪ್ಪಲಿಲ್ಲ. ಅದಕ್ಕೆ ಫೈರ್‌ವಾಲ್, ಅಂದರೆ ಯಾವ ಸಂಪರ್ಕವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲನ್ನು, ಬದಲಿಸಬೇಕಿತ್ತು. ನಡುಹಗಲಲ್ಲಿ ಫೈರ್‌ವಾಲ್ ಮುಟ್ಟಬಾರದು ಎಂದು ಅವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಫೈರ್‌ವಾಲ್‌ನ ಹಳೆಯ ನಿಯಮಗಳು ಗೋಜಲಾಗಿದ್ದವು. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯೋಣವೆಂದು ಅವನ್ನು ನಿಭಾಯಿಸುವ ಐಪಿಟೇಬಲ್ಸ್‌ಗೆ ಫ್ಲಶ್ ಆದೇಶ ಕೊಟ್ಟೆ. ಫ್ಲಶ್ ನಿಯಮಗಳನ್ನಷ್ಟೇ ಅಳಿಸುತ್ತದೆ, ಯಾವ ನಿಯಮಕ್ಕೂ ಸಿಗದ ಸಂಪರ್ಕವನ್ನು ಏನು ಮಾಡಬೇಕೆಂಬ ಮೂಲ ಪಾಲಿಸಿಯನ್ನು ಮುಟ್ಟುವುದಿಲ್ಲ. ಇನ್‌ಪುಟ್ (ರೂಟರ್‌ಗೇ ಬರುವುದು), ಫಾರ್ವರ್ಡ್ (ಅದರ ಮೂಲಕ ಹಾದುಹೋಗುವುದು) ಎರಡಕ್ಕೂ ನಾನೇ ಡ್ರಾಪ್, ಅಂದರೆ ಬಿಸಾಡು, ಎಂದು ಇಟ್ಟಿದ್ದೆ. ಒಳಗೆ ಬಿಡಬೇಕಾದವರ ಪಟ್ಟಿ ಹರಿದುಹೋಯಿತು, ಯಾರನ್ನೂ ಬಿಡಬೇಡ ಎಂಬ ಅಪ್ಪಣೆ ಮಾತ್ರ ಉಳಿಯಿತು. ತೆರೆದಿದ್ದ ನನ್ನ ಸೆಷನ್ನೂ ಅದರೊಂದಿಗೇ ಸತ್ತಿತು. ಇಷ್ಟು ದೊಡ್ಡ ಅನಾಹುತಕ್ಕೆ ಐಪಿಟೇಬಲ್ಸ್ ಒಂದು ಸಾಲಿನ ಎಚ್ಚರಿಕೆಯನ್ನೂ ಕೊಡುವುದಿಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಗುಮಾಸ್ತರ ಫೋನ್ ಬಂತು.

"ಸರ್, ನೆಟ್ ಹೋಗಿದೆ. ಇಪ್ಪತ್ತೈದು ಕಿಲೋ ಚೀಲದ ಲಾರಿ ಲೋಡ್ ಆಗಿ ನಿಂತಿದೆ, ಇ-ವೇ ಬಿಲ್ ತೆಗೆಯಬೇಕು. ಆ ಪೆಟ್ಟಿಗೆಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಲೇ?"

"ಬೇಡ, ಬೇಡ! ಅದನ್ನು ಮುಟ್ಟಲೇಬೇಡಿ. ನಾನೇ ಬರುತ್ತೇನೆ."

ಹಿಂದೊಮ್ಮೆ ಯಾರೋ ಫ್ಯಾನಿಗಾಗಿ ಅದರ ಪ್ಲಗ್ ಕಿತ್ತಿದ್ದರು. ಅಂದಿನಿಂದ ಸ್ವಿಚ್ಚಿನ ಮೇಲೆ 'ಯಾರೂ ಮುಟ್ಟಬಾರದು' ಎಂಬ ಚೀಟಿ ಅಂಟಿಸಿದ್ದೆ. ಆ ಚೀಟಿಯೇ ನನ್ನ ತಲೆಯೊಳಗೂ ಅಂಟಿಕೊಂಡಿತ್ತು. ಗುಮಾಸ್ತರು ತಮ್ಮ ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಹೇಗೋ ಬಿಲ್ ತೆಗೆದು ಲಾರಿ ಕಳುಹಿಸಿದರು, ಆದರೆ ಕಚೇರಿಯ ಉಳಿದ ಕೆಲಸವೆಲ್ಲ ನಿಂತೇ ಇತ್ತು.

ಬಸ್ ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಸಮಜಾಯಿಷಿಗಳನ್ನೇ ಜೋಡಿಸುತ್ತಿದ್ದೆ, ಕೆಟ್ಟಿರುವುದನ್ನು ಹೇಗೆ ಸರಿಪಡಿಸುವುದು ಎಂದು ಒಮ್ಮೆಯೂ ಯೋಚಿಸಲಿಲ್ಲ. ಸಿರುಗುಪ್ಪದ ನಿಲ್ದಾಣದಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ ಕೈ ಹಾಗೆಯೇ ನಿಂತಿತು. ನಾನು ಅಳಿಸಿದ್ದು ಮೆಮೊರಿಯಲ್ಲಿದ್ದ ನಿಯಮಗಳನ್ನು. ಹಳೆಯವು ಡಿಸ್ಕಿನ ಫೈಲಿನಲ್ಲಿ ಹಾಗೆಯೇ ಇವೆ, ಪ್ರತಿ ಬೂಟ್‌ನಲ್ಲೂ ಅಲ್ಲಿಂದಲೇ ಲೋಡ್ ಆಗುತ್ತವೆ. ಹಾಗೆ ಮಾಡಿಟ್ಟವನೂ ನಾನೇ.

ಗುಮಾಸ್ತರಿಗೆ ಫೋನ್ ಮಾಡಿ, "ಅಣ್ಣಾ, ಆಫ್ ಮಾಡಿ ಆನ್ ಮಾಡಿ" ಎಂದೆ. ಮೂರು ನಿಮಿಷದಲ್ಲಿ ನೆಟ್ ಬಂತು. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಲ್ಲಿಂದಲೇ ಹಿಂದಿರುಗಬಹುದಿತ್ತು, ಆದರೂ ಸಿಂಧನೂರಿಗೆ ಹೋದೆ. ಕ್ಯಾಮೆರಾಕ್ಕೆ ಹೊರಗಿನಿಂದ ಪೋರ್ಟ್ (ಪ್ರವೇಶದ್ವಾರ) ತೆರೆಯುವ ಯೋಚನೆ ಬಿಟ್ಟು, ಮಾಲೀಕರ ಮೊಬೈಲಿಗೆ ಮಾತ್ರ ಖಾಸಗಿ ದಾರಿ ಕೊಡುವ ವೈರ್‌ಗಾರ್ಡ್ ಹಾಕಿದೆ. ಕ್ಯಾಮೆರಾವನ್ನು ಇಡೀ ಊರಿಗೆ ತೆರೆದಿಡುವುದು ನನಗೆ ಮೊದಲೇ ಒಪ್ಪಿಗೆಯಿರಲಿಲ್ಲ. ನಿಯಮಗಳನ್ನು ಐಪಿಟೇಬಲ್ಸ್‌ನ ಉತ್ತರಾಧಿಕಾರಿಯಾದ ಎನ್‌ಎಫ್‌ಟೇಬಲ್ಸ್‌ಗೆ ಬದಲಿಸಿದೆ. 2014ರ ಜನವರಿಯಲ್ಲಿ ಬಂದ ಲಿನಕ್ಸ್ 3.13ರಿಂದಲೂ ಅದು ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ ಇದೆ, ನಾನು ಅಭ್ಯಾಸಬಲದಿಂದ ಹಳೆಯದನ್ನೇ ಹಿಡಿದಿದ್ದೆ. ಅದರಲ್ಲಿ ಅಳಿಸುವ ಸಾಲಿನಿಂದ ಕೊನೆಯ ನಿಯಮದವರೆಗೆ ಒಂದೇ ಫೈಲಿನಲ್ಲಿ ಬರೆದು ಕೊಡಬಹುದು. ಇಡೀ ಫೈಲ್ ಒಂದೇ ಏಟಿಗೆ ಜಾರಿಗೆ ಬರುತ್ತದೆ, ತಪ್ಪಿದ್ದರೆ ಏನೂ ಬದಲಾಗುವುದಿಲ್ಲ. ಈಗ ದೂರದಿಂದ ಏನೇ ಮುಟ್ಟುವ ಮೊದಲು, ಐದು ನಿಮಿಷದ ನಂತರ ಹಳೆಯ ನಿಯಮಗಳು ತಾವಾಗಿಯೇ ಮರಳುವಂತೆ ಟೈಮರ್ ಇಡುತ್ತೇನೆ. ಎಲ್ಲ ಸರಿಯಿದ್ದರೆ ಅದನ್ನು ರದ್ದು ಮಾಡುತ್ತೇನೆ.

ಹೊರಡುವ ಮುಂಚೆ ಚೀಟಿಯನ್ನು ಕಿತ್ತೆ. ಹೊಸದನ್ನು ಗುಮಾಸ್ತರೇ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: 'ಮೊದಲು ಫೋನ್ ಮಾಡಿ. ಎತ್ತದಿದ್ದರೆ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ.'