ವರವು ಕಾವಲಿನ ರನ್‌ವೇ

ಚಳ್ಳಕೆರೆಯ ವೈಮಾನಿಕ ಪರೀಕ್ಷಾ ನೆಲೆಯ ಬಗ್ಗೆ ಚಿಕ್ಕಮಗಳೂರು ಜಿಲ್ಲೆಯವನಾದ ನನಗೆ ಆಸಕ್ತಿ ಹುಟ್ಟಿದ್ದು ಅಜ್ಜಂಪುರದ ದನಗಳಿಂದ. ಅಲ್ಲಿನ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರದ ಹೋರಿಗಳನ್ನು ಒಮ್ಮೆ ಕಂಡವರು ಅವುಗಳ ಬೂದು ಮೈಯನ್ನು, ಹಿಂದಕ್ಕೆ ಬಾಗಿದ ಚೂಪಾದ ಉದ್ದ ಕೊಂಬುಗಳನ್ನು, ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳದ ಸಿಟ್ಟನ್ನು ಮರೆಯಲಾರರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿ ಆರಂಭವಾದ, ಅರಸರ ದನಗಳನ್ನು ನೋಡಿಕೊಳ್ಳುವ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿಗಳನ್ನೂ ಸರಂಜಾಮುಗಳನ್ನೂ ಎಳೆದದ್ದು ಇದೇ ತಳಿಯ ಎತ್ತುಗಳು. ಅವು ಮೇಯಲೆಂದು ಹಳೆಯ ಮೈಸೂರು ಸೀಮೆಯಲ್ಲಿ ಕಾದಿರಿಸಿದ ಹುಲ್ಲುಗಾವಲುಗಳಲ್ಲೊಂದು ಚಳ್ಳಕೆರೆ ತಾಲ್ಲೂಕಿನ ವರವು ಕಾವಲು. ಸೈನ್ಯದ ಎತ್ತುಗಳಿಗೆಂದು ಮೀಸಲಿಟ್ಟ ನೆಲದಲ್ಲಿ ಈಗ ಸೈನ್ಯಕ್ಕಾಗಿ ಸಿದ್ಧವಾಗುವ ವಿಮಾನಗಳು ಹಾರುತ್ತಿವೆ.

ದೇಶದ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಾದ ಡಿಆರ್‌ಡಿಒದ ಈ ನೆಲೆ 4,290 ಎಕರೆಯಷ್ಟು ವಿಸ್ತಾರವಾಗಿದ್ದು, ಎರಡು ಕಿಲೋಮೀಟರಿಗೂ ಉದ್ದದ ರನ್‌ವೇ, ನಿಯಂತ್ರಣ ಕೇಂದ್ರ, ರೇಡಾರ್ ಕೇಂದ್ರ ಮತ್ತು ಹ್ಯಾಂಗರುಗಳನ್ನು ಹೊಂದಿದೆ. ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿಯವರು 2017ರ ಮೇ 28ರಂದು ಇದನ್ನು ಉದ್ಘಾಟಿಸಿದರು. ಬೆಂಗಳೂರಿನಲ್ಲಿ ವಿಮಾನ ತಯಾರಿಸುವ ಸರ್ಕಾರಿ ಸಂಸ್ಥೆ ಎಚ್‌ಎಎಲ್‌ನ ರನ್‌ವೇ ಇರುವಾಗ ಇನ್ನೊಂದು ಏಕೆ ಎಂದು ಕೇಳುವವರಿದ್ದಾರೆ. 1961ರಲ್ಲಿ ಮಾರುತ್ ಯುದ್ಧವಿಮಾನವೂ 2001ರ ಜನವರಿ 4ರಂದು ತೇಜಸ್ ಕೂಡ ಮೊದಲ ಬಾರಿಗೆ ಹಾರಿದ್ದು ಅಲ್ಲಿಂದಲೇ ಎಂಬುದು ನಿಜ. ಆದರೆ ಅವುಗಳ ಒಳಗೆ ಪೈಲಟ್ ಇದ್ದ. ಚಾಲಕರಹಿತ ವಿಮಾನಕ್ಕೂ ನೆಲದ ಮೇಲಿನ ನಿಯಂತ್ರಕನಿಗೂ ಇರುವುದು ರೇಡಿಯೊ ಸಂಪರ್ಕ ಮಾತ್ರ. ಅದು ಕಡಿದರೆ ವಿಮಾನವು ತನ್ನೊಳಗಿನ ಕಂಪ್ಯೂಟರಿಗೆ ಮೊದಲೇ ಕಲಿಸಿದ್ದನ್ನು ನೆಚ್ಚಿ ಮರಳಬೇಕು. ಆ ಕಲಿಕೆ ಸರಿಯಾಗಿದೆಯೇ ಎಂಬುದು ಹಾರಿಸಿ ನೋಡದೆ ಖಚಿತವಾಗುವುದಿಲ್ಲವಾದ್ದರಿಂದ, ಲಕ್ಷಾಂತರ ಜನರ ತಲೆಯ ಮೇಲೆ, ಬೇರೆ ವಿಮಾನಗಳ ದಾರಿಯಲ್ಲಿ ಅದನ್ನು ನೋಡುವಂತಿಲ್ಲ.

ಬಾಲವೇ ಇಲ್ಲದ ವಿಮಾನದ ಉದಾಹರಣೆ ನೋಡಿ. ಸಾಮಾನ್ಯ ವಿಮಾನದ ಮೂತಿ ಗಾಳಿಗೆ ಅತ್ತಿತ್ತ ಹೊರಳಿದರೆ ಹಿಂದಿನ ಲಂಬ ರೆಕ್ಕೆ ಅದನ್ನು ತಾನಾಗಿ ನೇರಕ್ಕೆ ತರುತ್ತದೆ. ಇಡೀ ದೇಹವೇ ರೆಕ್ಕೆಯಾಗಿರುವ ವಿಮಾನದಲ್ಲಿ ಆ ಆಸರೆ ಇಲ್ಲ. ರೇಡಾರಿನ ಕಣ್ಣು ತಪ್ಪಿಸಲು ಅನುಕೂಲವಾದ ಆ ಆಕಾರಕ್ಕೆ ತೆರುವ ಬೆಲೆಯೆಂದರೆ ಕಂಪ್ಯೂಟರು ಎಡೆಬಿಡದೆ ತಿದ್ದುತ್ತಲೇ ಇರಬೇಕಾಗುವುದು. ಡಿಆರ್‌ಡಿಒದ ಇಂಥ ಪ್ರಾಯೋಗಿಕ ವಿಮಾನ 2022ರ ಜುಲೈ 1ರಂದು ಇಲ್ಲಿ ಮೊದಲು ಹಾರಿತು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮಾತ್ರ ಇಸ್ರೋದ ಪುಷ್ಪಕ್. ಬಾಹ್ಯಾಕಾಶಕ್ಕೆ ಹೋಗಿ ವಿಮಾನದಂತೆ ಮರಳಬೇಕಾದ ನೌಕೆಯ ಈ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಡುತ್ತದೆ. ಇಳಿಯುವಾಗ ಎಂಜಿನ್ನಿನ ನೆರವಿಲ್ಲದ ಕಾರಣ, ಲೆಕ್ಕ ತಪ್ಪಿತೆಂದು ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವ ಮಾತೇ ಇಲ್ಲ. 2023ರ ಏಪ್ರಿಲ್ 2ರಂದು ನೌಕೆಯನ್ನು ರನ್‌ವೇಯ ನೇರಕ್ಕೇ ಬಿಡಲಾಗಿತ್ತು. 2024ರ ಮಾರ್ಚ್ 22ರಂದು ಬೇಕೆಂದೇ 150 ಮೀಟರ್ ಪಕ್ಕಕ್ಕೆ, ಅದೇ ವರ್ಷದ ಜೂನ್ 23ರಂದು 500 ಮೀಟರ್ ಪಕ್ಕಕ್ಕೆ, ಅದೂ ಜೋರು ಗಾಳಿಯಲ್ಲಿ. ಪ್ರತಿ ಸಲವೂ ಅದು ತಾನೇ ದಾರಿ ತಿದ್ದಿಕೊಂಡು ರನ್‌ವೇಯ ನಡುಗೆರೆಗೆ ಬಂದಿತು. ಮೂರನೆಯ ಸಲ ಚಕ್ರಗಳು ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚಿತ್ತು. ಪ್ರಯಾಣಿಕ ವಿಮಾನಗಳು ಇಳಿಯುವುದು ಸುಮಾರು 260ರ ವೇಗದಲ್ಲಿ. ಹಿಂದೆ ಬಿಚ್ಚಿಕೊಂಡ ಪ್ಯಾರಾಚೂಟ್ ವೇಗವನ್ನು ನೂರರ ಹತ್ತಿರಕ್ಕೆ ಇಳಿಸಿದ ಮೇಲೆ ಚಕ್ರದ ಬ್ರೇಕುಗಳು ಉಳಿದ ಕೆಲಸ ಮಾಡಿದವು. ಪರೀಕ್ಷೆಯೆಂದರೆ ಹೀಗೆ ಕಷ್ಟವನ್ನು ತಾವಾಗಿಯೇ ಒಂದೊಂದು ಹಿಡಿ ಹೆಚ್ಚಿಸುತ್ತ ಹೋಗುವುದು. ಅದಕ್ಕೆ ಬಯಲು ಬೇಕೇ ಬೇಕು.

ಆದರೆ ಆ ಬಯಲು ಬರಿದಾಗಿತ್ತು ಎನ್ನುವ ಮಾತನ್ನು ನಾನು ಒಪ್ಪಲಾರೆ. ಕುರಿ ಕಾಯುವವರು, ಅದರ ಉಣ್ಣೆಯಿಂದ ಕಂಬಳಿ ನೇಯುವವರು, ಕೃಷ್ಣಮೃಗಗಳು, ಎಲ್ಲವೂ ಆ ಹುಲ್ಲನ್ನೇ ನೆಚ್ಚಿದ್ದವು. ಡಿಆರ್‌ಡಿಒ ಜೊತೆಗೆ ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೂ ಅಲ್ಲಿ ಸಾವಿರಾರು ಎಕರೆ ಜಮೀನು ಕೊಟ್ಟಾಗ ಹಳ್ಳಿಗರು ಪ್ರತಿಭಟಿಸಿದ್ದರು, ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. (ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿರುವ ಜಾಗದ ಹೆಸರೂ ಬಿದರೆಹಳ್ಳ ಕಾವಲ್ ಎಂಬುದನ್ನು ಗಮನಿಸಿ.) ನೆಲೆ ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಬೇಲಿ ಹಾಕುವ ಮೊದಲು ಕುರಿಗಾಹಿಯ ಜೊತೆ ಕುಳಿತು ಮಾತನಾಡಬೇಕಿತ್ತು ಎಂಬುದರಲ್ಲೂ ಇಲ್ಲ.

ಬೇಲಿಯ ಹೊರಗಿನವರಿಗೂ ಈ ನೆಲೆಯ ಸಂಬಂಧ ತಪ್ಪಿದ್ದಲ್ಲ. ಉದ್ಘಾಟನೆಗೂ ಮುಂಚೆಯೇ, 2016ರ ನವೆಂಬರಿನಲ್ಲಿ ಇಲ್ಲಿಂದಲೇ ಮೊದಲು ಹಾರಿದ, ಹಿಂದೆ ರುಸ್ತುಂ-2 ಎಂದು ಕರೆಯುತ್ತಿದ್ದ ತಪಸ್ ಡ್ರೋನ್ 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗದ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಇನ್ನೊಂದು ಉರುಳಿತು. ಅದೇ ವರ್ಷದ ಜೂನಿನಲ್ಲಿ ಇಲ್ಲಿಂದ ಹೊರಟ ತಪಸ್ ಅರಬ್ಬೀ ಸಮುದ್ರದಲ್ಲಿದ್ದ ಐಎನ್ಎಸ್ ಸುಭದ್ರಾ ನೌಕೆಯ ನಿಯಂತ್ರಣದಲ್ಲಿ 40 ನಿಮಿಷ ಹಾರಿ ಮರಳಿದ್ದೂ ಉಂಟು. ಇಷ್ಟಾಗಿಯೂ ಸೇನೆ ಕೇಳಿದ ಎತ್ತರವನ್ನೂ ಹಾರಾಟದ ಅವಧಿಯನ್ನೂ ಅದು ಪೂರ್ತಿ ಮುಟ್ಟಲಿಲ್ಲ.

ಮೊದಲನೆಯ ಡ್ರೋನ್ ಬಿದ್ದ ಸುದ್ದಿ ಬಂದಾಗ ನಮ್ಮ ಕಡೂರು ಕಡೆಯ ಅಡಿಕೆ ಬೆಳೆಗಾರರೊಬ್ಬರು, “ಡ್ರೈವರ್ರೇ ಇಲ್ದಿರೋ ವಿಮಾನ ತೋಟಕ್ಕೆ ಬಿದ್ರೆ ಯಾರನ್ನ ಹಿಡ್ಕೊಂಡು ಕೇಳೋದು ಸ್ವಾಮಿ?” ಎಂದಿದ್ದರು. ಕೇಳಿದವರೆಲ್ಲ ನಕ್ಕರು, ಪ್ರಶ್ನೆ ಮಾತ್ರ ನ್ಯಾಯವಾದದ್ದು. ಹಾರಾಟದ ದಾರಿಯಲ್ಲಿರುವ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಅವಶೇಷ ಬಿದ್ದರೆ ಮುಟ್ಟಬಾರದು, ಇಂಥ ಸಂಖ್ಯೆಗೆ ಕರೆ ಮಾಡಬೇಕು, ಬೆಳೆಹಾನಿಗೆ ಇಂಥವರಲ್ಲಿ ಅರ್ಜಿ ಕೊಡಬೇಕು ಎಂದು ತಿಳಿಗನ್ನಡದಲ್ಲಿ ಬರೆದ ಒಂದು ಹಾಳೆ ಇರಬೇಕು.