ಕೋಪಿ ಓ ಕೊಸೊಂಗ್

ಬೆಳಿಗ್ಗೆ ಸಿಂಗಪುರದ ನಮ್ಮ ಬ್ಲಾಕಿನ ಕೆಳಗಿರುವ ಹಾಕರ್ ಸೆಂಟರಿನಲ್ಲಿ, ಅಂದರೆ ಒಂದೇ ಸೂರಿನಡಿ ಸಾಲಾಗಿರುವ ತಿಂಡಿ ಅಂಗಡಿಗಳಲ್ಲಿ, ಕಾಫಿಗೆ ನಿಂತಿದ್ದೆ. ಮುಂದಿದ್ದ ಅಜ್ಜಿ "ಆಂಟಿ, ಕೋಪಿ ಓ ಕೊಸೊಂಗ್, ಕ್ಯಾನ್?" ಅಂದರು. ಒಳಗಿನಿಂದ ಉತ್ತರ: "ಕ್ಯಾನ್ ಲಾ!"

ಹಾಲು, ಸಕ್ಕರೆ ಎರಡೂ ಇಲ್ಲದ ಕಾಫಿ ಅದು. ಕೋಪಿ ಮಲಯ್ ಮಾತು, 'ಓ' ಅಂದರೆ ಹೊಕ್ಕಿಯೆನ್ ಚೀನೀಯಲ್ಲಿ ಕಪ್ಪು, ಕೊಸೊಂಗ್ ಅಂದರೆ ಮತ್ತೆ ಮಲಯ್‌ನಲ್ಲಿ ಖಾಲಿ. ಇಂಗ್ಲಿಷಿನ ಪಾಲು 'ಆಂಟಿ', ಮತ್ತೆ 'ಆಗುತ್ತಾ' ಅನ್ನುವ 'ಕ್ಯಾನ್', ಅಷ್ಟೇ. ಆದರೂ ಇದು ಸಿಂಗ್ಲಿಷ್, ಈ ಊರಿನ ಇಂಗ್ಲಿಷ್.

ಆ 'ಲಾ' ನನಗೆ ಬಹಳ ಇಷ್ಟ. ನಾವು "ಬರ್ತೀನಿ ಕಣೋ" ಅನ್ನುವಾಗಿನ 'ಕಣೋ' ಥರ. ತೆಗೆದರೆ ಅರ್ಥ ಹಾಗೇ ಉಳಿಯುತ್ತದೆ, ಸಲಿಗೆ ಹೋಗುತ್ತದೆ.

ಇಲ್ಲಿನ ಸರ್ಕಾರ 2000ನೇ ಇಸವಿಯಲ್ಲಿ 'ಒಳ್ಳೆಯ ಇಂಗ್ಲಿಷ್ ಮಾತಾಡಿ' ಅಂತ ಚಳವಳಿಯನ್ನೇ ಶುರುಮಾಡಿತು. ಹೊರಗಿನವರ ಜೊತೆ ವ್ಯಾಪಾರ ಮಾಡಿ ಬದುಕುವ ಪುಟ್ಟ ದೇಶದ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಸಿಂಗ್ಲಿಷನ್ನು ತಪ್ಪು ಇಂಗ್ಲಿಷ್ ಅಂದರೆ ನಾನು ಒಪ್ಪುವುದಿಲ್ಲ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಮೀಟಿಂಗಿನಲ್ಲಿ ಒಂದು ಇಂಗ್ಲಿಷ್, ಅಮ್ಮನ ಫೋನ್ ಬಂದರೆ ಇನ್ನೊಂದು ಇಂಗ್ಲಿಷ್ ಆಡುತ್ತಾಳೆ. ಎರಡಕ್ಕೂ ಕಟ್ಟುನಿಟ್ಟಾದ ವ್ಯಾಕರಣವಿದೆ. ಎಲ್ಲೆಂದರಲ್ಲಿ 'ಲಾ' ಸೇರಿಸಿ ನೋಡಿ, ಅವಳು ತಕ್ಷಣ ತಿದ್ದುತ್ತಾಳೆ! 2016ರಲ್ಲಿ ಆಕ್ಸ್‌ಫರ್ಡ್ ನಿಘಂಟು 'ಶಿಯೋಕ್' ಅನ್ನೂ ಸೇರಿಸಿಕೊಂಡಿತು. ಬಾಯಿ ಚಪ್ಪರಿಸಿ "ಆಹಾ" ಅಂತೀವಲ್ಲ, ಅದು.

ನನ್ನ ಸರದಿ ಬಂತು. "ಕೋಪಿ ಸಿ, ಆಂಟಿ" ಅಂದೆ. ಹಾಲು ಹಾಕಿದ ಬಿಸಿ ಲೋಟ ಕೈಗೆ ಬಂತು.